ಶುಕ್ರವಾರ ಹೊಸ್ತಿಲು ದಾಟದ ಆನೆಕಾಸು

ತಾಳ್ಮೆ ನನ್ನ ಜಾತಕದಲ್ಲೇ ಇರಲಿಲ್ಲ. ಹಾಲು ಉಕ್ಕುವ ಮೊದಲೇ ಪಾತ್ರೆ ಇಳಿಸುವವಳು, ಬಸ್ಸು ನಿಲ್ಲುವ ಮೊದಲೇ ಇಳಿಯುವವಳು ನಾನು. ಅಂಥವಳಿಗೆ ಹಳೇ ನಾಣ್ಯ ಕೂಡಿಡುವ ಹುಚ್ಚು ಹಿಡಿದದ್ದು ತೊಂಬತ್ತರ ದಶಕದಲ್ಲಿ, ನಮ್ಮ ನಂಜನಗೂಡಿನ ಹತ್ತಿರದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ ಮೇಲೆ. ಬಸ್ಸಿನ ಚಿಲ್ಲರೆಯಲ್ಲಿ ಒಮ್ಮೆ ತಾವರೆ ಹೂವಿದ್ದ ಹಿತ್ತಾಳೆಯ ಇಪ್ಪತ್ತು ಪೈಸೆ ಬಂತು. ಅಲ್ಲಿಂದ ಶುರುವಾಯಿತು ನೋಡಿ. ಕಂಡಕ್ಟರು, ಹೂವಿನವಳು, ಸೊಸೈಟಿ ಅಂಗಡಿಯವನು, ಯಾರ ಮುಂದೆ ಕೈಯೊಡ್ಡಲೂ ನಾಚಿಕೆಯಾಗಲಿಲ್ಲ.

ನಂಜನಗೂಡಿನ ದೇವಸ್ಥಾನದ ಬೀದಿಯಲ್ಲಿ ಗೋಣಿತಾಟು ಹಾಸಿಕೊಂಡು ಹಳೇ ಕಾಸು ಮಾರುತ್ತಿದ್ದವನೊಬ್ಬ ನನಗೆ ಒಂದು ಪಾಠ ಹೇಳಿಕೊಟ್ಟಿದ್ದ. "ಅಕ್ಕಾ, ತಾಮ್ರದ ಕಾಸು ಎಷ್ಟೇ ಕಪ್ಪಗಿದ್ರೂ ಉಜ್ಜಬ್ಯಾಡಿ. ಆ ಕಪ್ಪು ಕೂತ್ಕಳಾಕೆ ನೂರು ವರ್ಸ ಬೇಕು. ಉಜ್ಜುದ್ರೆ ಬೆಲೆನೇ ಓಯ್ತದೆ."

ಆಮೇಲೆ ನನ್ನ ಕಣ್ಣು ಬಿದ್ದದ್ದು ಸೋದರತ್ತೆಯ ಆನೆಕಾಸಿನ ಮೇಲೆ. ಅಪ್ಪನ ಅಕ್ಕ ಅವರು. ನಮ್ಮೂರಿನ ಕಪಿಲೆ ಹರಿದುಹೋಗಿ ಕಾವೇರಿಯನ್ನು ಸೇರುವ ತಿ. ನರಸೀಪುರದಲ್ಲಿ ಮಕ್ಕಳು, ಸೊಸೆಯರು, ಹಸುಕರು ತುಂಬಿದ ಮನೆ ಅವರದು. ಒಂದು ಶುಕ್ರವಾರ ಅರಿಶಿನದ ಬಟ್ಟೆಯ ಗಂಟು ಬಿಚ್ಚಿ ತೋರಿಸಿದರು. ಮೈಸೂರು ಅರಸರ ಕಾಲದ ದಪ್ಪ ತಾಮ್ರದ ಕಾಸು. ಹುರಿದ ಕಾಫಿಬೀಜದ ಬಣ್ಣ, ಅದರ ಮೇಲೊಂದು ಪುಟ್ಟ ಆನೆ. ಅದನ್ನು ನನಗೆ ಕೊಡಿ ಎಂದು ಕೇಳಿಯೇಬಿಟ್ಟೆ.

"ಕೊಡಾನ ಬುಡು, ನೀನು ಮನೆ ಮಗಳು, ನಿಂಗಲ್ದೆ ಇನ್ಯಾರ್ಗೆ?" ಎಂದರು ಅತ್ತೆ. "ಆದ್ರೆ ಇವತ್ತು ಸುಕ್ರುವಾರ ಕಣವ್ವಾ. ಲಕ್ಷ್ಮೀನ ಒಸ್ಲು ದಾಟ್ಸಕಾಯ್ತದಾ?"

ಫಜೀತಿ ಇದ್ದದ್ದೇ ಅಲ್ಲಿ. ಕರೆಂಟಿನ ಹೊಂದಾಣಿಕೆಗೆಂದು ಒಂದೊಂದು ಕಾರ್ಖಾನೆಗೆ ಒಂದೊಂದು ದಿನ ವಾರದ ರಜೆ; ನಮ್ಮದಕ್ಕೆ ಭಾನುವಾರವಲ್ಲ, ಶುಕ್ರವಾರ. ಬೇರೆ ದಿನ ಕೆಲಸ ಮುಗಿಸಿ ಬಸ್ಸು ಹಿಡಿದು ಓಡಿದರೆ, ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಅತ್ತೆ ದೀಪ ಹಚ್ಚಿ ಆಗಿರುತ್ತಿತ್ತು. ದೀಪ ಹಚ್ಚಿದ ಮೇಲೆ ಲಕ್ಷ್ಮಿ ಮನೆ ಬಿಡುವಂತಿಲ್ಲ. ಯಾರ ಕೈಲಾದರೂ ಕಳಿಸಿ ಎಂದರೆ, "ಕಂಡೋರ್ ಕೈಲಿ ಕಳ್ಸಾಕೆ ಅದೇನು ಸೊಪ್ಪಿನ ಕಟ್ಟಾ?" ಎಂದು ನನಗೇ ಗದರಿದರು. ಸೂಪರ್‌ವೈಸರನ್ನು ಗೋಗರೆದು ಒಮ್ಮೆ ರಜೆ ಪಡೆದೆ. ಸಿಕ್ಕ ಖುಷಿಯಲ್ಲಿ ವಾರ ನೋಡಿರಲಿಲ್ಲ, ಅದು ಮಂಗಳವಾರ. ಮಂಗಳವಾರವೂ ಆಗದು! ಅತ್ತೆಯ ಮನೆಯಿಂದ ಬರಿಗೈಲಿ ಬಸ್‌ಸ್ಟಾಂಡಿನವರೆಗೂ ಕಾಲು ನೆಲಕ್ಕೆ ಬಡಿಯುತ್ತಾ ನಡೆದಿದ್ದೆ.

ಆದರೆ ನಿಜ ಹೇಳುತ್ತೇನೆ, ಆ ಶುಕ್ರವಾರಗಳು ನನಗೆ ಬಹಳ ಇಷ್ಟವಾಗತೊಡಗಿದವು. ಹೋದ ಕೂಡಲೇ ಗಂಟು ಬಿಚ್ಚಿಸಿ ಆನೆಯನ್ನು ನೋಡುವುದು, ಮುದ್ದೆ ಉಪ್ಸಾರು ಉಣ್ಣುವುದು, ಅತ್ತೆಯ ಜೊತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಊರವರನ್ನೆಲ್ಲ ಆಡಿಕೊಳ್ಳುವುದು. ಗಂಟು ಕಟ್ಟಿ ಒಳಗಿಟ್ಟ ಮೇಲೆ ನನಗೆ ಸಿಟ್ಟೂ ಬರುತ್ತಿರಲಿಲ್ಲ. ಅವಸರ ಯಾವಾಗ ಕಡಿಮೆಯಾಯಿತೋ ತಿಳಿಯಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬುಧವಾರ ಮೆಷಿನ್ ಕೆಟ್ಟು ಮರುದಿನಕ್ಕೆ ಕಾರ್ಖಾನೆಗೆ ರಜೆ ಕೊಟ್ಟರು. ಗುರುವಾರ! ಅತ್ತೆಯ ಪಕ್ಕದ ಮನೆಗೆ ಫೋನ್ ಮಾಡಿ, ಬೆಳಿಗ್ಗೆಯೇ ಬರುತ್ತೇನೆ ಎಂದು ಹೇಳಿಸಿದೆ. ಕಾಸನ್ನು ಅಲ್ಲೇ ಸೇರಿಸಿಬಿಡೋಣವೆಂದು ನನ್ನ ನಾಣ್ಯಗಳ ಆಲ್ಬಮ್ಮನ್ನೂ ಬ್ಯಾಗಿನಲ್ಲಿಟ್ಟುಕೊಂಡು ಮೊದಲ ಬಸ್ಸು ಹತ್ತಿದೆ.

ಅತ್ತೆ ಹೊಸ್ತಿಲಲ್ಲೇ ಕಾದಿದ್ದರು. ಎಲೆ ಅಡಿಕೆಯ ಮೇಲೆ ಕಾಸನ್ನಿಟ್ಟು ಕೈಗೆ ಕೊಟ್ಟರು. ನೋಡಿದೆ. ಹೊಸ ಚೊಂಬಿನ ಹಾಗೆ ಕೆಂಪಗೆ ಫಳಫಳ ಹೊಳೆಯುತ್ತಿತ್ತು.

"ಮನೆ ಮಗಳ್ಗೆ ಕೊಳಕು ಕಾಸ ಕೊಡಕಾಯ್ತದಾ? ಉಣಸೇಹಣ್ಣು, ಬೂದಿ ಆಕಿ ತಿಕ್ಕುದೆ ಕಣವ್ವಾ. ಬೆಳ್ಳು ಉರೀತಾವೆ ನೋಡು," ಎಂದು ಹುಳಿಗೆ ಸುಕ್ಕಾಗಿದ್ದ ಬೆರಳುಗಳನ್ನು ಮುಂದೆ ಚಾಚಿದರು.

ಹಳೆಯ ನಾನಾಗಿದ್ದರೆ ಕಿರುಚಿಬಿಡುತ್ತಿದ್ದೆ. ಆ ಬೆರಳುಗಳನ್ನು ನೋಡಿದೆ, ಅರಳಿದ್ದ ಮುಖವನ್ನು ನೋಡಿದೆ, ನನಗೆ ನಗು ಬಂದುಬಿಟ್ಟಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಏನೂ ತಿಳಿಯದೆ ಅತ್ತೆಯೂ ನಕ್ಕರು. "ತುಂಬಾ ಚೆನ್ನಾಗಿದೆ ಅತ್ತೆ," ಎಂದೆ. ಅದು ಸುಳ್ಳಾಗಿರಲಿಲ್ಲ.

ಆನೆಯನ್ನು ಇಡಲು ಆಲ್ಬಮ್ ತೆರೆದೆ. ಅತ್ತೆ ಹಾಳೆ ಹಾಳೆಯನ್ನೂ ತಿರುವಿ ನೋಡಿ ಮುಖ ಸಿಂಡರಿಸಿದರು.

"ಅಯ್ಯೋ, ಎಲ್ಲಾ ಎಂಗೆ ಕರ್ರಗವೆ! ನಾಳೆ ಸುಕ್ರುವಾರ ಬತ್ತೀಯಲ್ಲ, ಇದ ತತ್ತಾ. ಎಲ್ಲನೂ ತಿಕ್ಕಿಕೊಡ್ತೀನಿ."

ಮರುದಿನ ಹೋದೆ. ಆಲ್ಬಮ್ ಮರೆತುಬಂದೆ ಎಂದೆ. "ಆಗ್ಲಿ ಬುಡು, ಇನ್ನೊಂದ್ಕಿತ ತರೀವಂತೆ," ಎಂದು ಮೊರದ ತುಂಬ ಅವರೆಕಾಯಿ ತಂದು ನನ್ನ ಮುಂದೆ ಸುರಿದರು. ಅತ್ತೆ ಇರುವವರೆಗೂ ಹೋದಾಗಲೆಲ್ಲ ನಾನು ಆಲ್ಬಮ್ ಮರೆಯುತ್ತಲೇ ಇದ್ದೆ. ಹುಣಸೆಹಣ್ಣು ನೆನೆಹಾಕಿಕೊಂಡು ಅವರು ಕಾಯುತ್ತಲೇ ಇದ್ದರು.