ನನ್ನದಲ್ಲದ ಎಂಟು ಕಿಲೋ

ಅಪ್ಪ ಗದಗ ಕಡೆಯವರು. ಮದ್ದುಗುಂಡಿನ ಕಾರ್ಖಾನೆಯ ಕೆಲಸಕ್ಕೆ ವರ್ಗವಾಗಿ ನಾಗಪುರಕ್ಕೆ ಬಂದಾಗ ನನಗೆ ನಾಲ್ಕು ವರ್ಷ. ಕ್ವಾರ್ಟರ್ಸಿನ ಹಿಂದಿದ್ದ ತಗಡಿನ ಜಿಮ್ಮಿನಲ್ಲಿ ನಾನು ಭಾರ ಎತ್ತುವುದನ್ನು ಕಲಿತೆ. ಇಪ್ಪತ್ತೆರಡನೇ ವಯಸ್ಸಿನ ಹೊತ್ತಿಗೆ ತೊಂಬತ್ತು ಕಿಲೋ ಎತ್ತುತ್ತಿದ್ದೆ. ಅಲ್ಲಿಗೆ ನಿಂತುಬಿಟ್ಟೆ. ಒಂದು ವರ್ಷ ಏನು ಮಾಡಿದರೂ ಅದರ ಮೇಲೆ ಏಳಲಿಲ್ಲ.

ಆಗ ನನ್ನ ತರಬೇತುದಾರರು ಕಾಗದದ ಪೊಟ್ಟಣದಲ್ಲಿ ಮಾತ್ರೆ ಕೊಟ್ಟರು. "ಶಕ್ತಿಗೆ. ದಿನಕ್ಕೊಂದು. ಯಾರಿಗೂ ಹೇಳಬೇಡ."

ಶಕ್ತಿಯ ಮಾತ್ರೆಯಾದರೆ ಯಾಕೆ ಹೇಳಬಾರದು ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಕೇಳಲಿಲ್ಲ. ಎರಡು ತಿಂಗಳಲ್ಲಿ ಮುಟ್ಟು ನಿಂತಿತು, ದನಿ ದಪ್ಪವಾಯಿತು. "ಥಂಡಿ ಆಗೇತೇನು?" ಎಂದು ಅವ್ವ ಕಷಾಯ ಕಾಸಿಕೊಟ್ಟಳು. ಬಾರ್ ಮಾತ್ರ ಸಲೀಸಾಗಿ ಏಳುತ್ತಿತ್ತು.

ರಾಜ್ಯ ಸ್ಪರ್ಧೆಯಲ್ಲಿ ತೊಂಬತ್ತೆಂಟು ಎತ್ತಿ ಚಿನ್ನ ಗೆದ್ದೆ. ಅವತ್ತು ಯಾರೂ ಮೂತ್ರ ಪರೀಕ್ಷೆಗೆ ಬರಲಿಲ್ಲ. ನಾಗಪುರದ ಪಕ್ಕದ ಕಾಮಠಿಯ ನೇಕಾರರ ಮನೆಯ ಹುಡುಗಿಯೊಬ್ಬಳು ತೊಂಬತ್ತೈದು ಎತ್ತಿ ಎರಡನೆಯವಳಾದಳು. ಕ್ರೀಡಾ ಕೋಟಾದಲ್ಲಿ ಇದ್ದದ್ದು ಒಂದೇ ಸರ್ಕಾರಿ ನೌಕರಿ. ಅದು ನನಗೆ ಸಿಕ್ಕಿತು.

ನೌಕರಿ ಸಿಕ್ಕ ಮೇಲೆ, ಸಿಕ್ಕಿಬಿದ್ದೇನೆಂದು ಹೆದರಿ ಮಾತ್ರೆ ಬಿಟ್ಟೆ. ಕೆಲವೇ ತಿಂಗಳಲ್ಲಿ ಮತ್ತೆ ತೊಂಬತ್ತಕ್ಕೆ ಇಳಿದೆ. ಒಂದು ಭಾನುವಾರ ಅವ್ವನ ಜೊತೆ ಕಾಮಠಿಗೆ ಸೀರೆ ಕೊಳ್ಳಲು ಹೋದಾಗ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದವಳು ಅದೇ ಹುಡುಗಿ. ನನ್ನನ್ನು ನೋಡಿ ನಕ್ಕಳು.

"ಅಕ್ಕಾ, ತೊಂಬತ್ತೆಂಟು ಹೇಗೆ ಎತ್ತಿದೆ? ಭಾರ ತಲೆ ಮೇಲೆ ಹೋದಾಗ ನನಗೆ ಮೊಣಕೈ ನೆಟ್ಟಗೆ ನಿಲ್ಲೋದೇ ಇಲ್ಲ. ಸ್ವಲ್ಪ ಹೇಳಿಕೊಡು" ಎಂದು ಮರಾಠಿಯಲ್ಲಿ ಕೇಳಿದಳು.

ಮೊಣಕೈ ಬಗ್ಗೆ ಏನೋ ಹೇಳಿ ಹೊರಗೆ ಬಂದೆ. ಮುಂದಿನ ಭಾನುವಾರ ಒಬ್ಬಳೇ ಹೋಗಿ, ಪದಕ ಅವಳ ಮುಂದಿಟ್ಟು ಎಲ್ಲ ಹೇಳಿದೆ.

ಅವಳು ಪದಕ ಮುಟ್ಟಲಿಲ್ಲ. "ಇದನ್ನಿಟ್ಟುಕೊಂಡು ನಾನೇನು ಮಾಡಲಿ? ನನಗೆ ಹೇಳಿ ಹಗುರ ಆಗಬೇಡ. ರಾಜ್ಯದ ವೇಟ್‌ಲಿಫ್ಟಿಂಗ್ ಸಂಘಕ್ಕೆ ಬರೆದುಕೊಡು" ಎಂದಳು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ.

"ನೌಕರಿ ಹೋಗತೈತಿ. ಗೊತ್ತೈತಿಲ್ಲೋ?"

"ಗೊತ್ತೈತಪಾ."

"ಹಂಗಾದ್ರ ಜಲ್ದಿ ಬರಿ. ಕೊಡಾಕ ನಾನೂ ಬರ್ತೀನಿ."

ವಿಷಯ ತಿಳಿದು ತರಬೇತುದಾರರು ಮನೆಗೇ ಬಂದರು. "ಎಲ್ಲರೂ ತಗೋತಾರೆ. ನೀನೊಬ್ಬಳು ಬಾಯಿ ಬಿಟ್ಟರೆ ಆಟ ಶುದ್ಧವಾಗುತ್ತಾ?" ಎಂದು ಕೇಳಿದರು.

"ಆಟದ್ದು ನನಗೆ ಗೊತ್ತಿಲ್ಲ ಸರ್. ನನ್ನ ಸ್ವಂತ ಬಲದಲ್ಲಿ ಎತ್ತಿದ್ದು ತೊಂಬತ್ತು. ಅಷ್ಟನ್ನಾದರೂ ಸರಿ ಬರೆಸ್ತೀನಿ" ಎಂದೆ. ಪತ್ರದಲ್ಲಿ ಅವರ ಹೆಸರನ್ನೂ ಬರೆದೆ. ಆ ವಿಚಾರಣೆ ಇನ್ನೂ ಮುಗಿದಿಲ್ಲ.

ನನಗೆ ನಿಷೇಧ ಬಿತ್ತು, ನೌಕರಿ ಹೋಯಿತು. ಫಲಿತಾಂಶದ ಪಟ್ಟಿಯಲ್ಲಿ ಕಾಮಠಿಯ ಹುಡುಗಿಯ ಹೆಸರು ಮೊದಲಿಗೆ ಬಂತು. ಆದರೆ ಆ ಹುದ್ದೆ ಅವಳಿಗೆ ಸಿಗಲಿಲ್ಲ, ಅಷ್ಟರಲ್ಲಿ ವಯಸ್ಸು ಮೀರಿತ್ತಂತೆ. ಅದು ನನ್ನಿಂದಾದ ನಷ್ಟ. ಯಾವ ಪತ್ರ ಬರೆದರೂ ತುಂಬುವಂಥದ್ದಲ್ಲ. ಅವಳು ನನ್ನನ್ನು ಕ್ಷಮಿಸಿಲ್ಲ, ನಾನೂ ಕೇಳಿಲ್ಲ.

ನಾಗಪುರದ ಹೊರವಲಯದ ಬುಟಿಬೋರಿಯ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ಸೇರಿದೆ. ಎರಡನೇ ಪಾಳಿ ಕೇಳಿ ತಗೊಂಡೆ, ಬೆಳಗಿನ ಅಭ್ಯಾಸ ತಪ್ಪಬಾರದೆಂದು. ನಿಷೇಧ ಮುಗಿಯುವವರೆಗೆ ಬೇರೆಯವರ ಜೊತೆ ಅಭ್ಯಾಸಕ್ಕೆ ಅನುಮತಿ ಇಲ್ಲದ್ದರಿಂದ ಅಪ್ಪ ಹಿತ್ತಲಲ್ಲಿ ಹಲಗೆ ಹಾಸಿಕೊಟ್ಟರು. ನಾಗಪುರದ ಮೇ ತಿಂಗಳಲ್ಲಿ ಎಂಟು ಗಂಟೆಗೇ ಬಾರ್ ಕೈ ಸುಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಎತ್ತುತ್ತಿದ್ದೆ. ದನಿ ಮಾತ್ರ ಪೂರ್ತಿ ಹಿಂದಿನಂತಾಗಲಿಲ್ಲ. ಫೋನಿನಲ್ಲಿ ಈಗಲೂ ನನಗೆ "ಭಯ್ಯಾ" ಅನ್ನುವವರಿದ್ದಾರೆ.

ನಿಷೇಧ ಮುಗಿದ ಮೇಲೆ, ಈ ವರ್ಷ, ಜಿಲ್ಲಾ ಸ್ಪರ್ಧೆಯಲ್ಲಿ ಇಳಿದೆ. ತೊಂಬತ್ತೆರಡು ಎತ್ತಿದೆ. ನಾಲ್ಕನೆಯ ಸ್ಥಾನ. ಮೂತ್ರ ಪರೀಕ್ಷೆಯವರು ನನ್ನನ್ನೇ ಕರೆದರು. ಹೋಗಿ ಬಾಟಲಿ ತುಂಬಿಸಿಕೊಟ್ಟು, ಸಹಿ ಹಾಕಿ, ಅಲ್ಲಿಂದಲೇ ಪಾಳಿಗೆ ಹೊರಟೆ. ಮಾರನೆಯ ಬೆಳಿಗ್ಗೆ ಬಾರ್‌ಗೆ ತೊಂಬತ್ತಮೂರು ಕಿಲೋ ಏರಿಸಿದೆ.