ಕಾಕಾನ ಶನಿವಾರ, ಕಾಕಾನ ಭಾನುವಾರ

ಭಾನುವಾರ ಬೆಳಿಗ್ಗೆ ಕಾಕಾ ಬಾಯಿ ತೆರೆದರೆ ಮಾತಿನ ಬದಲು ಬರೀ ಗಾಳಿ ಬರುತ್ತಿತ್ತು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ ಕೆಂಪಾದ ಮುಖ ಹೊತ್ತು ಸೋಫಾದಲ್ಲಿ ಕೂತಿರುತ್ತಿದ್ದರು. ಚಹಾ ಬೇಕೆಂದರೂ ಕೈಸನ್ನೆಯೇ. ಹಿಂದಿನ ದಿನ ಅವರು ಅಮೆರಿಕದಲ್ಲಿ ಓದಿದ ಕಾಲೇಜಿನ ಫುಟ್‌ಬಾಲು ಪಂದ್ಯಕ್ಕೆ ಹೋಗಿ ಕೂಗಿ ಬಂದಿದ್ದಾರೆ ಎಂದು ಅದರರ್ಥ. ಕಾಲೇಜಿನ ಹುಡುಗರು ಸೋತಿದ್ದಾರೆ ಎಂದೂ ಅರ್ಥ, ಏಕೆಂದರೆ ಆ ತಂಡ ಗೆದ್ದದ್ದನ್ನು ನಾನು ಹೆಚ್ಚು ಕಂಡವಳಲ್ಲ.

ಎಂಬತ್ತರ ದಶಕದಲ್ಲಿ ಮದುವೆಯಾಗಿ ಮೈಸೂರಿನಿಂದ ಕ್ಯುಪರ್ಟಿನೋಗೆ ಬಂದಾಗ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದವರು ಈ ಧಾರವಾಡದ ದಂಪತಿ. ನಾನು ಅಂಕಲ್ ಎಂದದ್ದಕ್ಕೆ "ಅಂಕಲ್ ಗಿಂಕಲ್ ಬ್ಯಾಡ, ಕಾಕಾ ಅನ್ನು. ಅಕೀಗೆ ಕಾಕು ಅನ್ನು" ಎಂದು ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟರು. ನನಗೆ ಕೆಲಸವಿರಲಿಲ್ಲ, ಕಾರು ಓಡಿಸಲು ಬರುತ್ತಿರಲಿಲ್ಲ. ರಜಾ ದಿನವೂ ನನ್ನ ಗಂಡ ಆಫೀಸಿಗೆ ಓಡುತ್ತಿದ್ದುದರಿಂದ ನಾನು ಅವರ ಮನೆಗೆ ಓಡುತ್ತಿದ್ದೆ. ಹಾಗಾಗಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಈ ವಿಚಿತ್ರ ಫುಟ್‌ಬಾಲು ನನ್ನ ತಲೆಗೆ ಗಂಟುಬಿತ್ತು.

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಆಟ. ಅವರು ಸಂಬಳಕ್ಕೆ ಆಡುವ ಆಟಗಾರರು, ಆ ವರ್ಷಗಳಲ್ಲಿ ಗೆಲ್ಲುವುದನ್ನೇ ಅಭ್ಯಾಸ ಮಾಡಿಕೊಂಡವರು. ಊರಿಗೆ ಊರೇ ಹುಚ್ಚೆದ್ದಿದ್ದರೆ ಕಾಕಾ ಮಾತ್ರ ಕೈಕಟ್ಟಿಕೊಂಡು, ಒಳ್ಳೆಯ ಸಂಗೀತ ಕಚೇರಿಗೆ ಬಂದವರಂತೆ ತಲೆದೂಗುತ್ತ ಕೂತಿರುತ್ತಿದ್ದರು. ಚಪ್ಪಾಳೆಯೂ ಇಲ್ಲ. ಗೆಲ್ಲುವವರ ಮುಂದೆ ಮೌನ, ಸೋಲುವವರಿಗಾಗಿ ಗಂಟಲು ಹರಿದುಕೊಳ್ಳುವುದು! ನನಗೆ ತಲೆಬುಡ ತಿಳಿಯಲಿಲ್ಲ. ಕೇಳಿಯೇಬಿಟ್ಟೆ.

"ಇವ್ರಿಗೆ ನಾ ಕೂಗಿದ್ರೂ ಅಷ್ಟ, ಬಿಟ್ರೂ ಅಷ್ಟ" ಎಂದರು. "ಪಗಾರ ತಗೊಂಡು ಆಡಾವ್ರು. ಶನಿವಾರದ ಹುಡುಗ್ರು ಹಂಗಲ್ಲ, ಸೋಮವಾರ ಪರೀಕ್ಷಾ ಬರೀಬೇಕು ಅವು. ನಾವು ಕೂಗಲಿಲ್ಲಂದ್ರ ಅವಕ್ಕ ಯಾರದಾರ?"

"ಹಾಗಾದ್ರೆ ಕಾಲೇಜಿನ ಆಟಾನೇ ಹೆಚ್ಚು ಅಂತಾಯ್ತು?"

"ಹಂಗಂತ ಯಾರಂದ್ರು? ಅದೇನು ಆಟನ? ಬರೇ ಗದ್ದಲ. ಖರೇ ಆಟ ನೋಡೋದಿದ್ರ ರವಿವಾರನ ನೋಡಬೇಕು."

ಮುಂದಿನ ವಾರ ಇನ್ನೊಂದು ರಾಗ. ಭಾನುವಾರದ ತಂಡ ಊರಲ್ಲಿ ಮನೆ ಮಾಡಿದ ಎಲ್ಲರದ್ದಂತೆ, ನಿನ್ನೆ ಬಂದ ನನ್ನದೂ ಅಂತೆ. ಶನಿವಾರದ್ದು ಮಾತ್ರ ಅಲ್ಲಿ ಓದಿದವರದ್ದು. "ಅದು ನಿಂಗ ಹ್ಯಾಂಗ ತಿಳೀಬೇಕು, ತಂಗೀ?" ಎಂದುಬಿಟ್ಟರು. ಆ ಮಾತು ನನಗೆ ಚುಚ್ಚಿತು. ಈ ದೇಶದಲ್ಲಿ ನನ್ನದು ಎನ್ನುವಂಥದ್ದು ಏನೂ ಇಲ್ಲದ ದಿನಗಳು ಅವು.

ಒಂದು ವರ್ಷ ಆಟದ ಋತು ನಡುವಿಗೆ ಬಂದಾಗ, ಶನಿವಾರ ಹೋದ ಧ್ವನಿ ಗುರುವಾರವಾದರೂ ಮರಳಲಿಲ್ಲ. ಗಂಟಲಲ್ಲಿ ಏನೋ ಬೆಳೆದಿದೆ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಕೂಗಿದರೆ ಇರುವ ಧ್ವನಿಯೂ ಹೋಗುತ್ತದೆ ಎಂದರು ಡಾಕ್ಟರು. ಕಾಕು ಅಂದೇ ಕಾನೂನು ಮಾಡಿದರು. "ಶನಿವಾರ ಬಂದ್. ಟೀವ್ಯಾಗ ಛಲೋ ಆಟ ಬರ್ತದ, ಬಾಯಿ ಮುಚ್ಚಿಕೊಂಡು ನೋಡ್ರಿ."

ನ್ಯಾಯವಾದ ಮಾತೇ. ಹೇಗೂ ಭಾನುವಾರ ಅವರು ಕೂಗುತ್ತಿರಲಿಲ್ಲವಲ್ಲ. ಆದರೆ ಶನಿವಾರ ತಪ್ಪಿದ ಕಾಕಾ ಭಾನುವಾರ ಟಿವಿಯನ್ನೂ ಹಾಕಲಿಲ್ಲ. ಊಟವೂ ಅಷ್ಟಕ್ಕಷ್ಟೇ. ಕೊನೆಗೆ ಕಾಕುವೇ ಸೋತು, ಋತುವಿನ ಕಡೆಯ ಪಂದ್ಯಕ್ಕೆ ಕಳಿಸಲು ಒಪ್ಪಿದರು. ಕಾವಲಿಗೆ ನಾನು. "ಬಾಯಿ ತಗದ್ರ ಕೈ ಅಡ್ಡ ಹಿಡಿ, ಮುಲಾಜು ನೋಡಬ್ಯಾಡ" ಎಂದು ನನಗೆ ಹೇಳಿಕೊಟ್ಟರು.

ಕೊಲ್ಲಿಯ ಆಚೆ ದಡದ ಆ ಸ್ಟೇಡಿಯಮ್ಮಿನಲ್ಲಿ ಮರದ ಬೆಂಚು, ಕಿವಿ ಕಿತ್ತುಹೋಗುವ ಬ್ಯಾಂಡು, ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗ ಹುಡುಗಿಯರು. ಸೀರೆಯ ಮೇಲೆ ಸ್ವೆಟರು ಹಾಕಿ, ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಾನು ಆಟ ನೋಡದೆ ಕಾಕಾನ ಬಾಯಿಯನ್ನೇ ನೋಡುತ್ತಿದ್ದೆ. ಪಾಪ, ಮಾತು ಉಳಿಸಿಕೊಂಡರು. ಕಡೆಯ ನಿಮಿಷಗಳಲ್ಲಿ ನಮ್ಮ ಹುಡುಗನೊಬ್ಬ ಚೆಂಡನ್ನು ಎದೆಗೊತ್ತಿಕೊಂಡು ಓಡತೊಡಗಿದಾಗ ಮಾತ್ರ ಮಫ್ಲರನ್ನು ಬಾಯಿಗೆ ತುರುಕಿಕೊಂಡರು. ಕುತ್ತಿಗೆಯ ನರ ಉಬ್ಬಿ ಬಂದಿತ್ತು. ನನ್ನ ಭುಜ ಹಿಡಿದು ಅಲ್ಲಾಡಿಸಿ, ಉಸಿರಿನಲ್ಲೇ ಅಂದರು: "ನನ್ನ ಪಾಲಿಂದು ನೀ ಕೂಗು."

ಏನೆಂದು ಕೂಗಲಿ? ನನಗೆ ಗೊತ್ತಿದ್ದದ್ದು ಮೈಸೂರಿನ ಕಾಲೇಜಿನಲ್ಲಿ ಕಬಡ್ಡಿಗೆ ಕೂಗುತ್ತಿದ್ದದ್ದು. ಎದ್ದು ನಿಂತು ಅದನ್ನೇ ಕೂಗಿದೆ. "ಓಡೋ! ಬಿಡಬೇಡ್ವೋ! ಓಡೋ ನನ್ನಪ್ಪಾ!" ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಅಮೆರಿಕಕ್ಕೆ ಬಂದ ಮೇಲೆ ನನ್ನ ಧ್ವನಿ ಅಷ್ಟು ದೊಡ್ಡದಾಗಿ ನನಗೇ ಕೇಳಿಸಿದ್ದು ಅದೇ ಮೊದಲು. ಹುಡುಗ ಗೆರೆ ಮುಟ್ಟುವ ಮೊದಲೇ ಬಿದ್ದ. ಸೋತೆವು. ನನಗೆ ದುಃಖವೋ ಖುಷಿಯೋ ಒಂದೂ ತಿಳಿಯಲಿಲ್ಲ, ಕಣ್ಣಲ್ಲಿ ನೀರು. ಮರಳುವಾಗ ಫ್ರೀವೇ ಮೇಲೆ ಏನೋ ಹೇಳಹೋದರೆ ನನ್ನ ಬಾಯಿಂದಲೂ ಬರೀ ಗಾಳಿ. ಕಾಕಾ ಸ್ಟಿಯರಿಂಗು ತಟ್ಟಿ ತಟ್ಟಿ ಸದ್ದಿಲ್ಲದೆ ನಕ್ಕರು. "ಶನಿವಾರನೂ ನಿಂದಾತು, ತಂಗೀ" ಎಂದರು.

ಗಂಟಲಲ್ಲಿದ್ದದ್ದು ಒಳ್ಳೆಯ ಜಾತಿಯದಾಗಿರಲಿಲ್ಲ. ಆಪರೇಷನ್ನಿನ ನಂತರ ಧ್ವನಿ ಮರಳಲೇ ಇಲ್ಲ. ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ದೇಶಕ್ಕೇ ಮೊದಲಾಗಿ ಗೆದ್ದ ದಿನ ನಾವು ಮೂವರೂ ಟಿವಿಯ ಮುಂದಿದ್ದೆವು. ಹೊರಗೆ ರಸ್ತೆಯ ತುಂಬ ಕಾರುಗಳ ಹಾರ್ನು. ನೋಡಿದರೆ ಕಾಕಾ ಅಳುತ್ತಿದ್ದಾರೆ! ಯಾರ ಗೆಲುವಿಗೆ ಚಪ್ಪಾಳೆಯನ್ನೂ ತಟ್ಟಿರಲಿಲ್ಲವೋ ಅವರಿಗಾಗಿ.

"ಕಾಕಾ, ಇವತ್ತು ಹೇಳ್ಲೇಬೇಕು ನೀವು. ನಿಮಗೆ ಶನಿವಾರ ಹೆಚ್ಚೋ ಭಾನುವಾರ ಹೆಚ್ಚೋ?"

ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದರು. ಬಹಳ ಹೊತ್ತು ಹೇಳಿದರು. ಬಿಸಿ ಉಸಿರು ತಾಗಿತೇ ಹೊರತು ಒಂದು ಅಕ್ಷರವೂ ಕೇಳಿಸಲಿಲ್ಲ. ಹೇಳಿ ಮುಗಿಸಿ, ಭಾರ ಇಳಿಸಿದವರಂತೆ ಎಷ್ಟು ಚೆಂದ ನಕ್ಕರೆಂದರೆ, ಇನ್ನೊಮ್ಮೆ ಹೇಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇಸಿಗೆಗೆ ಮೊದಲೇ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕಾಕು ಕೇಳಿದರು. "ಅವತ್ತ ನಿನ್ನ ಕಿವ್ಯಾಗ ಏನಂದ್ರು?"

"ಕೇಳಿಸ್ಲಿಲ್ಲ, ಕಾಕು."

ಕಾಕು ನನ್ನ ಕೈ ಹಿಡಿದುಕೊಂಡರು.

"ನಂಗೂ ಕೇಳಸ್ತಿದ್ದಿಲ್ಲ, ತಂಗೀ. ದಿನಾ ಎಷ್ಟರೆ ಮಾತಾಡ್ತಿದ್ರು... ಹೂಂ ಹೂಂ ಅಂತಿದ್ದೆ."