ಹೊಡೆದುಹಾಕಿದ ಗುರುತು

ಆ ಸಬ್‌ಮರೀನಿನಲ್ಲಿ ಐವತ್ತೆರಡು ಜನ. ನಾವಿಕರಲ್ಲೆಲ್ಲ ಹಿರಿಯನಾದವನಿಗೆ ಇಪ್ಪತ್ತಾರು ವರ್ಷದ ಸರ್ವೀಸು. ಯಾರು ಯಾವ ಮಂಚದಲ್ಲಿ ಪಾಳಿಯ ಮೇಲೆ ಮಲಗಬೇಕು, ಯಾರಿಗೆ ಊಟ ಸೇರುತ್ತಿಲ್ಲ, ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಇದೆಲ್ಲ ಕ್ಯಾಪ್ಟನ್ ಕೇಳುವ ಮೊದಲೇ ಅವನಿಗೆ ಗೊತ್ತಿರಬೇಕು. ಎಲ್ಲರಿಗೂ ಅವನು ದೊಡ್ಡಣ್ಣ.

ಹೊರಡುವ ಹಿಂದಿನ ದಿನ ಪ್ರತಿಯೊಬ್ಬರೂ ಒಂದು ಹಾಳೆ ತುಂಬಬೇಕು. ನೀರಿನಡಿ ಇರುವಾಗ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಆಗಲೇ ತಿಳಿಸಬೇಕೋ, ದಡ ಸೇರಿದ ಮೇಲೋ? ಅಡುಗೆಯವನ ತಾಯಿಗೆ ಹುಷಾರಿರಲಿಲ್ಲ. ಅವನು ‘ಆಗಲೇ’ ಎಂಬಲ್ಲಿ ಗುರುತು ಹಾಕಿದ್ದ.

“ತಿಳ್ಕೊಂಡು ಏನ್ ಮಾಡ್ತೀಯಯ್ಯ? ಈಜ್ಕೊಂಡು ಹೋಗ್ತೀಯಾ?” ಎಂದ ದೊಡ್ಡಣ್ಣ. “ನೀನು ಒಲೆ ಮುಂದೆ ಮಂಕಾಗಿ ಕೂತ್ರೆ ನಮಗೆಲ್ಲ ಉಪವಾಸವೇ ಗತಿ.”

ಎಲ್ಲರೂ ನಕ್ಕರು. ಅಡುಗೆಯವನೂ ನಕ್ಕು, ಮೊದಲ ಗುರುತನ್ನು ಹೊಡೆದುಹಾಕಿ ‘ದಡ ಸೇರಿದ ಮೇಲೆ’ ಎಂಬಲ್ಲಿ ಹಾಕಿದ.

ಹತ್ತೊಂಬತ್ತನೇ ದಿನ ತಾಯಿ ತೀರಿಕೊಂಡ ಸುದ್ದಿ ಬಂತು. ಕ್ಯಾಪ್ಟನ್ ಹಾಳೆ ತರಿಸಿ ನೋಡಿ, “ಅವನ ಇಷ್ಟದಂತೇ ಆಗ್ಲಿ,” ಎಂದರು. ಅವನ ಇಷ್ಟ! ನಿಜ ಹೇಳಲು ದೊಡ್ಡಣ್ಣನಿಗೆ ನಾಲಗೆ ಏಳಲಿಲ್ಲ.

ಆಮೇಲಿನ ಇಪ್ಪತ್ತೆರಡು ದಿನ, ತಟ್ಟೆ ಹಿಡಿದು ನಿಂತಾಗಲೆಲ್ಲ ದೊಡ್ಡಣ್ಣ ಅಡುಗೆಯವನ ಮುಖ ಬಿಟ್ಟು ಸೌಟನ್ನಷ್ಟೇ ನೋಡಿದ.

“ಏನ್ ದೊಡ್ಡಣ್ಣ, ಇಷ್ಟಕ್ಕೇ ಸಾಕಾ? ನನ್ನ ಕೈರುಚಿ ಕೆಟ್ಟಿದ್ಯಾ? ಮನೆಗೆ ಹೋದ್ಮೇಲೆ ಅಮ್ಮನ್ನ ಕೇಳಿ ಸರಿ ಮಾಡ್ಕೋತೀನಿ ಬಿಡಿ.”

ದೊಡ್ಡಣ್ಣ ಅರ್ಧ ಊಟಕ್ಕೇ ಎದ್ದ. ಬೇರೆಯವರ ಊಟದ ಮೇಲೆ ಕಣ್ಣಿಡಬೇಕಾದವನ ಬೆಲ್ಟೇ ಎರಡು ತೂತು ಒಳಗೆ ಹೋಯಿತು.

ದಡ ಸೇರಿದ ಬೆಳಗ್ಗೆ ಮೇಲಿನ ಮುಚ್ಚಳ ತೆರೆದು ಹೊಸ ಗಾಳಿ ಒಳಬಂತು. ಸುದ್ದಿ ಹೇಳುವ ಕೆಲಸ ಕ್ಯಾಪ್ಟನ್ನರದು. ದೊಡ್ಡಣ್ಣ ಅದನ್ನು ತಾನೇ ಕೇಳಿ ಪಡೆದು ಅಡುಗೆಕೋಣೆಗೆ ಹೋದ, ಹೇಳಿದ. ಅಡುಗೆಯವನು ಒರೆಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟ.

“ಯಾವತ್ತು ಬಂತು?”

“ಹತ್ತೊಂಬತ್ತನೇ ದಿನ.”

“ಅವತ್ತು ಇಸ್ಪೀಟಲ್ಲಿ ಗೆದ್ದೆ ಅಂತ ಕುಣಿದಾಡಿದ್ದೆ. ನೀವು ನೋಡ್ತಾನೇ ಇದ್ರಿ.”

“ಹೂಂ. ನೀನು ಮೊದಲು ಹಾಕಿದ್ದೇ ಸರಿ ಇತ್ತು. ತಪ್ಪು ನಂದು. ಕ್ಯಾಪ್ಟನ್‌ಗೂ ಈಗ ಹೇಳಿದೀನಿ.”

ಅಡುಗೆಯವನು ಚೀಲ ಹೆಗಲಿಗೇರಿಸಿ ಏಣಿ ಹತ್ತಿದ.

ಮುಂದಿನ ಸಲ ಹಾಳೆ ಹಂಚುವಾಗ ಹೊಸದಾಗಿ ಬಂದ ಮೆಕ್ಯಾನಿಕ್ ಕೇಳಿದ: “ದೊಡ್ಡಣ್ಣ, ನಾನು ಯಾವುದಕ್ಕೆ ಹಾಕ್ಲಿ?”

“ಅವರನ್ನ ಕೇಳ್ಬೇಡ,” ಎಂದ ಅಡುಗೆಯವನು, ತನ್ನ ಹಾಳೆಯಿಂದ ತಲೆ ಎತ್ತದೆ.

ದೊಡ್ಡಣ್ಣ ಪೆನ್ನುಗಳನ್ನು ಮೇಜಿನ ಮೇಲಿಟ್ಟು, ಎಲ್ಲರೂ ಬರೆದು ಮುಗಿಸುವವರೆಗೆ ಆಚೆ ಹೋಗಿ ನಿಂತ.